ಗಾಜಿನ ಬಟ್ಟಲೂ ಮನುಷ್ಯನ ಮೈಯೂ

ಹಳ್ಳಿಯ ಹಿತ್ತಿಲಿನಲ್ಲಾಗಲಿ, ಪಟ್ಟಣದ ಮನೆಯಂಗಳದಲ್ಲಾಗಲಿ ನಿತ್ಯಪುಷ್ಪದ ಗಿಡವನ್ನು ಕಾಣದವರು ನಮ್ಮಲ್ಲಿ ವಿರಳ. ನೀರೆರೆದರೂ ಸರಿ, ಎರೆಯದಿದ್ದರೂ ಸರಿ, ವರ್ಷದ ಹನ್ನೆರಡು ತಿಂಗಳೂ ಅದು ಹೂ ಬಿಡುತ್ತದೆ. ಕೆಲವರು ಇದನ್ನು ಕಾಶಿಕಣಗಿಲೆ ಎಂದೂ ಕರೆಯುತ್ತಾರೆ. ದೇವರ ಪೂಜೆಗೆ ಒದಗುವ ಈ ಗಿಡದ ಎಲೆ ಸಕ್ಕರೆ ಕಾಯಿಲೆಗೆ ಮದ್ದು ಎಂಬ ಮಾತನ್ನೂ ನಾವು ಕೇಳಿಯೇ ಇದ್ದೇವೆ. ನಾನು ಈ ಲೇಖನವನ್ನು ಬರೆಯಲು ಆ ಗಿಡ ಒಂದು ಕಾರಣ. ನಾನು ಮಾಡಿದ ಒಂದು ತಪ್ಪು ಇನ್ನೊಂದು ಕಾರಣ.

ಮೊದಲನೆಯ ವರ್ಷದ ಬಿ.ಎ. ತರಗತಿಯಲ್ಲಿದ್ದಾಗ ನಮ್ಮ ದೊಡ್ಡಮ್ಮನಿಗೆ ಪತ್ರಿಕೆ ಓದಿ ಹೇಳುವುದು ನನ್ನ ಸಂಜೆಯ ಕೆಲಸವಾಗಿತ್ತು. ಅವರಿಗೆ ಕಣ್ಣು ಮಂಜು. ಸಕ್ಕರೆ ಕಾಯಿಲೆ ಹತ್ತು ವರ್ಷದ ಹಳೆಯದು. ಒಂದು ದಿನ ಪತ್ರಿಕೆಯ ಮೂಲೆಯಲ್ಲಿ "ನಿತ್ಯಪುಷ್ಪ: ಮಧುಮೇಹಕ್ಕೆ ರಾಮಬಾಣ" ಎಂಬ ದಪ್ಪ ಅಕ್ಷರದ ತಲೆಬರಹವಿತ್ತು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಪ್ರಯೋಗಶಾಲೆಯೊಂದರಲ್ಲಿ ಆ ಎಲೆಯ ಸಾರವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ತಡೆಯಿತೆಂದು ಬರೆದಿತ್ತು. ತಲೆಬರಹವನ್ನು ನಾನು ಗಟ್ಟಿಯಾಗಿ ಓದಿದೆ. ಉಳಿದದ್ದನ್ನು ಬಾಯಿಯಲ್ಲಿ ಗುಣುಗುಣಿಸಿ ಮುಗಿಸಿದೆ. ಅವರು ಕೇಳಿಸಿಕೊಂಡದ್ದು ತಲೆಬರಹವನ್ನು ಮಾತ್ರ.

ಮರುದಿನದಿಂದಲೇ ಎಲೆಯ ರಸ ಆರಂಭವಾಯಿತು. ರಸ ಆರಂಭವಾದದ್ದು ದೊಡ್ಡ ಕೆಡುಕಲ್ಲ, ಮಾತ್ರೆ ನಿಂತಿತು. ನಾಲ್ಕು ತಿಂಗಳು ಕಳೆಯುವುದರೊಳಗೆ ಅವರ ಬಲಗಾಲಿನ ಬೆರಳಿನಲ್ಲಿ ಎದ್ದ ಒಂದು ಸಣ್ಣ ಗುಳ್ಳೆ ಹುಣ್ಣಾಗಿ, ಕಪ್ಪಾಗಿ, ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಗಿ ಬಂತು. ರಸವೇ ಕೆಡಿಸಿತೆಂದು ವೈದ್ಯರು ಹೇಳಲಿಲ್ಲ; ಮಾತ್ರೆ ಬಿಟ್ಟದ್ದು ಕೆಡಿಸಿತು ಎಂದರು. ಮನೆಯವರೆಲ್ಲ ದೊಡ್ಡಮ್ಮನನ್ನು ಗದರಿಕೊಂಡಾಗ ಅವರು ನನ್ನ ಕಡೆ ನೋಡಿ, "ಪೇಪರಿನೋರು ಸುಳ್ಳು ಬರೀತಾರೇನಪ್ಪಾ? ನೀನೇ ತಾನೆ ಓದಿ ಹೇಳಿದ್ದು" ಎಂದರು. ನಾನು ತಲೆ ತಗ್ಗಿಸಿದೆ.

ಪತ್ರಿಕೆಯವರು ಸುಳ್ಳು ಬರೆದಿದ್ದರೆ? ಆ ಸಣ್ಣ ಅಕ್ಷರಗಳಲ್ಲಿ ಸುಳ್ಳು ಇರಲಿಲ್ಲವೆಂದೇ ನಾನು ನಂಬುತ್ತೇನೆ. ಎಲೆಯ ಸಾರ ಕಿಣ್ವವನ್ನು ತಡೆದಿರಬಹುದು. ಆದರೆ ತಡೆದದ್ದು ಗಾಜಿನ ಬಟ್ಟಲಿನಲ್ಲಿ; ದೊಡ್ಡಮ್ಮ ಬದುಕುತ್ತಿದ್ದುದು ಮನುಷ್ಯನ ಮೈಯಲ್ಲಿ. ಬಟ್ಟಲಿನಿಂದ ಮೈಗೆ ಎಷ್ಟು ದೂರವೆಂಬುದನ್ನು ತಿಳಿಯದೆ ಆ ಸುದ್ದಿಯನ್ನು ಓದಿದವನು ನಾನು. ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ದೂರ ತಿಳಿದಿದ್ದರೆ ಸಾಕು, ಕಲಾ ವಿಭಾಗದವರಾದ ನಮಗೆ ಅದೇಕೆ ಎಂದು ಕೇಳುವ ಮಿತ್ರರಿದ್ದಾರೆ. ಮನೆಮನೆಯಲ್ಲಿ ಹಿರಿಯರಿಗೆ ಪತ್ರಿಕೆ ಓದಿ ಹೇಳುವವರು ನಾವೇ. ಆದುದರಿಂದ ಅದು ನಮಗೆ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ.

ಹೊಸ ಔಷಧಿಯನ್ನು ಹುಡುಕುವ ಕೆಲಸದ ಮೊದಲ ಹಂತವನ್ನು ಜರಡಿ ಹಿಡಿಯುವುದಕ್ಕೆ ಹೋಲಿಸಬಹುದು. ಸಾವಿರಾರು ದ್ರವ್ಯಗಳನ್ನು ತಂದು ಒಂದೇ ಪ್ರಶ್ನೆಯನ್ನು ಎಲ್ಲಕ್ಕೂ ಕೇಳುತ್ತಾರೆ. ಇದಕ್ಕಾಗಿ ಅಂಗೈಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ತಟ್ಟೆಗಳಿವೆ. ನಮ್ಮ ಪಡ್ಡಿನ ಹಂಚಿನಲ್ಲಿರುವಂತೆ ಅವುಗಳಲ್ಲಿ ಸಾಲುಸಾಲಾಗಿ ಕುಳಿಗಳು. ಕೆಲವದರಲ್ಲಿ ೯೬, ಕೆಲವದರಲ್ಲಿ ೩೮೪, ಇನ್ನು ಕೆಲವದರಲ್ಲಿ ೧೫೩೬. ಪ್ರತಿ ಕುಳಿಯಲ್ಲಿಯೂ ಒಂದಿಷ್ಟು ಕಿಣ್ವವನ್ನೋ ಜೀವಕೋಶಗಳನ್ನೋ ಇಟ್ಟು, ಒಂದೊಂದಕ್ಕೆ ಒಂದೊಂದು ದ್ರವ್ಯವನ್ನು ಹನಿಸಿ, ಬಣ್ಣ ಬದಲಾಯಿತೇ, ಬೆಳಕು ಹೆಚ್ಚಿತೇ, ತಗ್ಗಿತೇ ಎಂದು ಯಂತ್ರದಿಂದ ಅಳೆಯುತ್ತಾರೆ. ಯಂತ್ರದ ಕೈಗಳೇ ಹನಿಸುವ ದೊಡ್ಡ ಪ್ರಯೋಗಶಾಲೆಗಳಲ್ಲಿ ಒಂದೇ ದಿನಕ್ಕೆ ಲಕ್ಷ ಪರೀಕ್ಷೆಗಳು ನಡೆಯುವುದುಂಟು. ಹೀಗೆ 'ಹೌದು' ಎಂದ ದ್ರವ್ಯಕ್ಕೆ ಅವರು 'ಹಿಟ್' ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಅದನ್ನು 'ಮದ್ದು' ಎನ್ನುತ್ತವೆ. ಎಡವಟ್ಟು ಆಗುವುದು ಇಲ್ಲಿಯೇ.

ಜರಡಿಯ ಗುಣವನ್ನು ಮನೆಯ ಹೆಂಗಸರೆಲ್ಲ ಬಲ್ಲರು. ಕಣ್ಣು ಎಷ್ಟಿದೆಯೋ ಅದಕ್ಕೆ ತಕ್ಕುದನ್ನಷ್ಟೇ ಅದು ಬೇರ್ಪಡಿಸುತ್ತದೆ. ರಾಗಿಹಿಟ್ಟಿನ ತೌಡನ್ನು ತೆಗೆದ ಜರಡಿ ಹಿಟ್ಟು ಹಳಸಿದೆಯೇ ಎಂಬುದನ್ನು ಹೇಳಲಾರದು. ಪರೀಕ್ಷೆಯೂ ಹಾಗೆಯೇ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ. ಇದಕ್ಕೆ ನಮ್ಮ ನಿತ್ಯಪುಷ್ಪಕ್ಕಿಂತ ಒಳ್ಳೆಯ ನಿದರ್ಶನ ಬೇರೊಂದಿಲ್ಲ.

೧೯೫೨ರಲ್ಲಿ ಜಮೈಕಾ ದ್ವೀಪದಿಂದ ಕೆನಡಾ ದೇಶದ ವೈದ್ಯ ಕ್ಲಾರ್ಕ್ ನೋಬಲ್ ಎಂಬವರಿಗೆ ಈ ಗಿಡದ ಎಲೆಗಳು ಅಂಚೆಯಲ್ಲಿ ಬಂದವು. ಅಲ್ಲಿಯ ಜನ ಇದರ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಸಮುದ್ರಗಳಾಚೆಯ ಅವರ ನಂಬಿಕೆಯೂ ನಮ್ಮ ನಂಬಿಕೆಯೂ ಒಂದೇ ಆಗಿದ್ದುದು ಸೋಜಿಗ. ಕ್ಲಾರ್ಕ್ ಆ ಎಲೆಗಳನ್ನು ತಮ್ಮ ಸಹೋದರ ರಾಬರ್ಟ್ ನೋಬಲ್ ಅವರ ಪ್ರಯೋಗಶಾಲೆಗೆ ಕಳುಹಿಸಿದರು. ಸಾರವನ್ನು ಕುಡಿಸಿ ನೋಡಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಇಲಿಗಳಿಗೆ ಸೂಜಿಯ ಮೂಲಕ ಕೊಟ್ಟಾಗ ಅವು ಕೆಲವು ದಿನಗಳಲ್ಲಿ ಸೋಂಕು ತಗುಲಿ ಸತ್ತವು. ಬೇರೆಯವರಾಗಿದ್ದರೆ ಎಲೆಯನ್ನು ತಿಪ್ಪೆಗೆ ಎಸೆಯುತ್ತಿದ್ದರೇನೋ. ನೋಬಲ್ ಅವರು ಇಲಿಗಳು ಏಕೆ ಸತ್ತವೆಂದು ಕೇಳಿದರು. ಸೋಂಕನ್ನು ಎದುರಿಸುವ ಬಿಳಿಯ ರಕ್ತಕಣಗಳು ತೀರ ಕುಗ್ಗಿಹೋಗಿದ್ದವು. ಬಿಳಿಯ ಕಣಗಳನ್ನು ಕುಗ್ಗಿಸುವ ದ್ರವ್ಯ, ಅವು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಆದೀತಲ್ಲವೆ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಬ್ಬರೂ ಕೂಡಿ ವಿನ್‌ಬ್ಲಾಸ್ಟಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿ ೧೯೫೮ರಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಅಮೆರಿಕದ ಲಿಲಿ ಕಂಪೆನಿಯ ವಿಜ್ಞಾನಿಗಳೂ ಈ ಗಿಡವನ್ನು ಸಕ್ಕರೆ ಕಾಯಿಲೆಗೆಂದೇ ಪರೀಕ್ಷಿಸಿ, ರಕ್ತದ ಕ್ಯಾನ್ಸರ್ ಬಂದ ಇಲಿಗಳ ಮೇಲೆ ಅದರ ಪ್ರಭಾವವನ್ನು ಕಂಡರು. ಅವರ ಕೈಗೆ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ದ್ರವ್ಯವೂ ಸಿಕ್ಕಿತು. ೧೯೬೩ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಮಾನ್ಯವಾದ ಅದನ್ನು ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ.

ಒಂದು ಪ್ರಶ್ನೆಗೆ 'ಇಲ್ಲ' ಎಂದ ಗಿಡ, ಯಾರೂ ಕೇಳದಿದ್ದ ಪ್ರಶ್ನೆಗೆ 'ಹೌದು' ಎಂದಿತು. ಆದರೆ ಇದನ್ನು ಕೇಳಿ ಎಲೆಯನ್ನು ಜಗಿಯಲು ಹೊರಡುವವರು ಇನ್ನೊಂದು ಸಂಗತಿಯನ್ನೂ ಕೇಳಬೇಕು. ನೂರಾರು ಕಿಲೋ ಒಣಗಿದ ಎಲೆಯಿಂದ ಈ ದ್ರವ್ಯ ಸಿಕ್ಕುವುದು ಬೆರಳೆಣಿಕೆಯ ಗ್ರಾಮುಗಳಷ್ಟು. ಅದನ್ನು ವೈದ್ಯರು ಮಿಲಿಗ್ರಾಮುಗಳಲ್ಲಿ ತೂಗಿ, ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ನರಕ್ಕೆ ಏರಿಸುತ್ತಾರೆ. ಹಿತ್ತಿಲಿನಿಂದ ಹಿಡಿತುಂಬ ಕಿತ್ತು ತಂದು ಅರೆಯುವ ದೊಡ್ಡಮ್ಮನಿಗೆ ಆ ತೂಕವಿಲ್ಲ, ಆ ಕಾವಲೂ ಇಲ್ಲ.

ಎರಡನೆಯ ಮಾತು, ಬಟ್ಟಲು ಬೇರೆ, ಮೈ ಬೇರೆ. ಜರ್ಮನಿಯ ಎಲ್ಬರ್‌ಫೆಲ್ಡ್ ಎಂಬ ಊರಿನಲ್ಲಿ ಬಾಯರ್ ಕಂಪೆನಿಯ ಪ್ರಯೋಗಶಾಲೆಯಿತ್ತು. ಅಲ್ಲಿ ಗೆರ್ಹಾರ್ಡ್ ಡೋಮಾಕ್ ಎಂಬ ವಿಜ್ಞಾನಿ ಬಣ್ಣದ ದ್ರವ್ಯಗಳನ್ನು ಒಂದೊಂದಾಗಿ, ಕ್ರಿಮಿ ತಗುಲಿಸಿದ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದರು. ೧೯೩೨ರ ಕೊನೆಯಲ್ಲಿ ಒಂದು ಕೆಂಪು ದ್ರವ್ಯ ಇಲಿಗಳನ್ನು ಬದುಕಿಸಿತು. ಅದೇ ದ್ರವ್ಯವನ್ನು ಗಾಜಿನ ಕೊಳವೆಯಲ್ಲಿದ್ದ ಕ್ರಿಮಿಗಳಿಗೆ ಹಾಕಿದರೆ ಅವು ಸಾಯಲಿಲ್ಲ! ಈ ಒಗಟು ಬಿಡಿಸಿದ್ದು, ೧೯೩೫ರಲ್ಲಿ ಡೋಮಾಕ್ ತಮ್ಮ ಫಲಿತಾಂಶವನ್ನು ಪ್ರಕಟಿಸಿದ ಮೇಲೆ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು. ಕೆಂಪು ದ್ರವ್ಯ ಮೈಯೊಳಗೆ ಒಡೆದು ಸಲ್ಫನಿಲಮೈಡ್ ಎಂಬ ಬಣ್ಣವಿಲ್ಲದ ಇನ್ನೊಂದು ದ್ರವ್ಯವಾಗುತ್ತಿತ್ತು. ಕ್ರಿಮಿಯ ಬೆಳವಣಿಗೆಯನ್ನು ತಡೆಯುತ್ತಿದ್ದುದು ಅದು. ಕೊಳವೆಯನ್ನೇ ನಂಬಿ ಕುಳಿತಿದ್ದರೆ ಲಕ್ಷಾಂತರ ಜೀವಗಳನ್ನು ಉಳಿಸಿದ ಸಲ್ಫಾ ಔಷಧಿಗಳ ದಾರಿ ಅಂದು ತೆರೆಯುತ್ತಿರಲಿಲ್ಲ.

ಬಟ್ಟಲು 'ಇಲ್ಲ' ಎಂದದ್ದನ್ನು ಮೈ 'ಹೌದು' ಎಂದ ಕಥೆ ಇದು. ಇದರ ತಿರುವುಮುರುವಿನ ಕಥೆಗಳಿಗಂತೂ ಲೆಕ್ಕವಿಲ್ಲ. ಬಟ್ಟಲಿನಲ್ಲಿ ಕ್ಯಾನ್ಸರಿನ ಕೋಶಗಳನ್ನು ಕೊಲ್ಲಲು ಸಾಬೂನಿನ ನೀರೂ ಸಾಕು. ಹೊಟ್ಟೆಯ ಹುಳಿಯನ್ನು ದಾಟಿ, ಕರುಳಿನಿಂದ ರಕ್ತಕ್ಕೆ ಸೇರಿ, ಯಕೃತ್ತಿನ ಕೈಯಲ್ಲಿ ಸಿಕ್ಕಿಯೂ ಉಳಿದು, ಬೇಕಾದ ಕಡೆಗೆ ಬೇಕಾದಷ್ಟು ತಲಪಿ, ಒಳ್ಳೆಯ ಕೋಶಗಳನ್ನು ಮುಟ್ಟದೆ ಕೆಟ್ಟದ್ದನ್ನು ಮಾತ್ರ ಹಿಡಿಯುವುದೇ ಕಷ್ಟದ ಕೆಲಸ. ಬಟ್ಟಲಿಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ಅಲ್ಲಿ ಗೆದ್ದದ್ದು ಅಖಾಡಕ್ಕೆ ಇಳಿಯಲು ಅಪ್ಪಣೆ ಪಡೆದಿದೆ, ಅಷ್ಟೆ. ಕುಸ್ತಿ ಇನ್ನೂ ಆಗಿಲ್ಲ.

ಮೂರನೆಯದು, ಪರೀಕ್ಷೆಯೇ ಮೋಸಹೋಗುವುದುಂಟು. ಅಡಕೆಯ ಚೊಗರನ್ನು ನಾಲಗೆಗೆ ಮುಟ್ಟಿಸಿ ನೋಡಿದವರಿಗೆ ಒಗರು ಎಂದರೇನೆಂದು ಗೊತ್ತು. ಆ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ದ್ರವ್ಯವು ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮ ಹದಮಾಡುವವರು ತಂಗಡಿಯ ತೊಗಟೆಯ ನೀರಿನಲ್ಲಿ ತೊಗಲನ್ನು ನೆನೆಹಾಕುತ್ತಿದ್ದುದು ಇದೇ ಗುಣಕ್ಕಾಗಿ. ಕಿಣ್ವವೂ ಒಂದು ಪ್ರೋಟೀನೇ. ಆದ್ದರಿಂದ ಒಗರುಳ್ಳ ಯಾವ ಎಲೆಯ ಸಾರವನ್ನು ಹಾಕಿದರೂ ಬಟ್ಟಲಿನಲ್ಲಿರುವ ಕಿಣ್ವ ನಿಂತುಹೋಗುವ ಸಂಭವವುಂಟು. ಇದನ್ನು ಬಲ್ಲ ಸಂಶೋಧಕರು ಸಾರದಿಂದ ಮೊದಲು ಟ್ಯಾನಿನ್ ಅನ್ನು ತೆಗೆದುಹಾಕಿ ಮತ್ತೆ ಪರೀಕ್ಷಿಸುತ್ತಾರೆ. ಸಂಬಂಧವೇ ಇಲ್ಲದ ಮತ್ತೊಂದು ಕಿಣ್ವವನ್ನಿಟ್ಟು, ಅದನ್ನೂ ಸಾರವು ನಿಲ್ಲಿಸುತ್ತದೆಯೇ ಎಂದು ನೋಡುತ್ತಾರೆ. ಎಲ್ಲರಿಗೂ 'ಹೌದು' ಎನ್ನುವವನ ಮಾತಿಗೆ ಊರಿನಲ್ಲಿ ಹೇಗೆ ಬೆಲೆಯಿಲ್ಲವೋ, ಎಲ್ಲ ಪರೀಕ್ಷೆಗಳಿಗೂ 'ಹೌದು' ಎನ್ನುವ ದ್ರವ್ಯಕ್ಕೆ ಪ್ರಯೋಗಶಾಲೆಯಲ್ಲಿಯೂ ಹಾಗೆಯೇ.

ನಮ್ಮ ಅರಿಸಿನದ ಪಾಡೂ ಇದೇ. ಅದರ ಹಳದಿ ದ್ರವ್ಯವಾದ ಕರ್ಕ್ಯುಮಿನ್ ನೂರೆಂಟು ವ್ಯಾಧಿಗಳ ಪರೀಕ್ಷೆಯಲ್ಲಿ 'ಹೌದು' ಎಂದು ಕೀರ್ತಿ ಪಡೆದಿತ್ತು. ೨೦೧೭ರಲ್ಲಿ ಅಮೆರಿಕದ ಕೆಲವರು ರಸಾಯನ ವಿಜ್ಞಾನಿಗಳು ಆವರೆಗಿನ ಕೆಲಸವನ್ನೆಲ್ಲ ಕೂಡಿಸಿ ವಿಮರ್ಶಿಸಿದರು. ಈ ದ್ರವ್ಯ ಬಟ್ಟಲಿನಲ್ಲಿ ತಾನೇ ಬೆಳಗಿ ಬೆಳಕಿನ ಅಳತೆಯನ್ನು ಕೆಡಿಸುತ್ತದೆ, ಹಲವು ಪ್ರೋಟೀನುಗಳಿಗೆ ಅಂಟುತ್ತದೆ, ಬೇಗ ಒಡೆದುಹೋಗುತ್ತದೆ, ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ನೂರಕ್ಕೂ ಹೆಚ್ಚು ಬಾರಿ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳ ಪೈಕಿ, ಯಾರಿಗೆ ಮದ್ದು ಯಾರಿಗೆ ಹುಸಿಮದ್ದು ಎಂಬುದನ್ನು ಇಬ್ಬರಿಂದಲೂ ಮುಚ್ಚಿಟ್ಟು ನಡೆಸಿದ ಯಾವುದರಲ್ಲಿಯೂ ಅದು ಗೆದ್ದಿಲ್ಲವೆಂದು ಅವರು ಬರೆದರು. ಇದರಿಂದ ಸಾರಿಗೆ ಅರಿಸಿನ ಹಾಕುವುದನ್ನು ಯಾರೂ ಬಿಡಬೇಕಾಗಿಲ್ಲ. ಅರಿಸಿನವನ್ನು ನೆಚ್ಚಿ ಆಸ್ಪತ್ರೆಯನ್ನು ಬಿಡಬಾರದು, ಅಷ್ಟೆ.

ಇಲ್ಲಿ ಕೆಲವರು ನನ್ನ ಮೇಲೆ ಕೋಪಿಸಿಕೊಳ್ಳಬಹುದು. "ನಮ್ಮ ಹಿರಿಯರು ಸಾವಿರಾರು ವರ್ಷ ಬಳಸಿದ ಮೂಲಿಕೆಗಳನ್ನು ಹೀಗೆ ಸಂದೇಹಿಸುವುದು ಕೃತಘ್ನತೆಯಲ್ಲವೆ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಹಿರಿಯರ ಮಾತನ್ನು ಗೌರವಿಸುವ ಬಗೆ ಯಾವುದು? ಚೀನಾ ದೇಶದ ತೂ ಯೂಯೂ ಎಂಬ ಮಹಿಳೆಯ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಮಲೇರಿಯಕ್ಕೆ ಮದ್ದು ಹುಡುಕಲು ೧೯೬೯ರಲ್ಲಿ ನಿಯುಕ್ತರಾದ ಆಕೆ ಮತ್ತು ಸಂಗಡಿಗರು ಹಳೆಯ ಗ್ರಂಥಗಳಿಂದ ಎರಡು ಸಾವಿರ ಮದ್ದುಗಳನ್ನು ಬರೆದುಕೊಂಡರು; ಸುಮಾರು ಇನ್ನೂರು ಮೂಲಿಕೆಗಳಿಂದ ೩೮೦ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಇಲಿಗಳ ಮೇಲೆ ಪರೀಕ್ಷಿಸಿದರು. ಛಿಂಗ್‌ಹಾವ್ ಎಂಬ ಮೂಲಿಕೆ ಮೊದಲು ಒಳ್ಳೆಯ ಭರವಸೆ ತೋರಿತು. ಮತ್ತೆ ಮಾಡಿದಾಗ ಆ ಫಲ ಬರಲಿಲ್ಲ. ಆಕೆ ಮೊದಲನೆಯ ಫಲವನ್ನು ಡಂಗುರ ಸಾರಲೂ ಇಲ್ಲ, ಎರಡನೆಯದನ್ನು ಮುಚ್ಚಿಡಲೂ ಇಲ್ಲ. ಹಳೆಯ ಗ್ರಂಥವನ್ನು ಮತ್ತೆ ತೆರೆದರು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬವನು ಆ ಮೂಲಿಕೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದಿದ್ದನೇ ಹೊರತು ಕುದಿಸಬೇಕೆಂದಿರಲಿಲ್ಲ. ಬಿಸಿಯೇ ಗುಣವನ್ನು ಕೆಡಿಸುತ್ತಿದ್ದೀತೆಂದು ಆಕೆ ಈಥರಿನಲ್ಲಿ ಕಡಿಮೆ ಶಾಖದಿಂದ ಸಾರ ತೆಗೆದರು. ೧೯೭೧ರ ಅಕ್ಟೋಬರಿನಲ್ಲಿ ೧೯೧ನೆಯ ಸಂಖ್ಯೆಯ ಸಾರ ಇಲಿಗಳ ಮಲೇರಿಯವನ್ನು ನೂರಕ್ಕೆ ನೂರರಷ್ಟು ತಡೆಯಿತು. ರೋಗಿಗಳಿಗೆ ಕೊಡುವ ಮುನ್ನ ಆಕೆಯೂ ಸಂಗಡಿಗರೂ ಅದನ್ನು ತಾವೇ ಸೇವಿಸಿ ನೋಡಿದರು. ಅದರಿಂದ ದೊರೆತ ಆರ್ಟೆಮಿಸಿನಿನ್ ಇಂದು ನಮ್ಮ ದೇಶದ ಮಲೇರಿಯ ಚಿಕಿತ್ಸೆಗೂ ಆಧಾರವಾಗಿದೆ. ೨೦೧೫ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ಬಂತು.

ಗೆ ಹಾಂಗನಿಗೆ ಕೈಮುಗಿದು ಕುಳಿತವರು ಅನೇಕರಿದ್ದಿರಬೇಕು. ಅವನ ಮಾತನ್ನು ಅಕ್ಷರ ಬಿಡದೆ ಓದಿ ಪರೀಕ್ಷೆಗೆ ಒಡ್ಡಿದವರೇ ಅವನಿಗೆ ನಿಜವಾದ ಗೌರವ ಸಲ್ಲಿಸಿದರು. ನಮ್ಮಲ್ಲಿಯೂ ಈ ಪ್ರಯತ್ನ ನಡೆಯದೆ ಇಲ್ಲ. ಲಕ್ನೋ ನಗರದಲ್ಲಿ ೧೯೫೧ರಲ್ಲಿ ಆರಂಭವಾದ ಕೇಂದ್ರೀಯ ಔಷಧಿ ಸಂಶೋಧನಾಲಯದವರು ಭಾರತದ ನೂರಾರು ಗಿಡಗಳನ್ನು ಜರಡಿ ಹಿಡಿದು ಫಲಿತಾಂಶಗಳನ್ನು ೧೯೬೮ರಿಂದ ಪ್ರಕಟಿಸಿದ್ದಾರೆ. ಮೂಲಿಕೆಯನ್ನು ಕಂಡೊಡನೆ ನಗುವವರೂ, ಕಂಡೊಡನೆ ನಂಬುವವರೂ ನನ್ನ ದೃಷ್ಟಿಯಲ್ಲಿ ಒಂದೇ ಜಾತಿ; ಇಬ್ಬರಿಗೂ ಪರೀಕ್ಷೆ ಬೇಡ.

ನನ್ನನ್ನು ತಪ್ಪಿಗೆ ಗುರಿಮಾಡಿದ ಆ ಕಿಣ್ವದ ಪರೀಕ್ಷೆಯೂ ನಿಷ್ಪ್ರಯೋಜಕವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಂಥದೇ ಜರಡಿಯನ್ನು ಹಿಡಿದು ಬಾಯರ್ ಕಂಪೆನಿಯವರು ೧೯೭೦ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳಿಂದ ಅಕಾರ್ಬೋಸ್ ಎಂಬ ದ್ರವ್ಯವನ್ನು ಪಡೆದರು. ಅದು ಕರುಳಿನಲ್ಲಿ ಪಿಷ್ಟ ಒಡೆಯುವುದನ್ನು ನಿಧಾನಗೊಳಿಸುತ್ತದೆ. ನಮ್ಮ ಔಷಧಿ ಅಂಗಡಿಗಳಲ್ಲಿಯೂ ಸಿಕ್ಕುತ್ತದೆ. ಆದರೆ ಅದು ಜರ್ಮನಿಯ ಅಂಗಡಿಗೆ ಬಂದದ್ದು ೧೯೯೦ರಲ್ಲಿ. ಬಟ್ಟಲಿನಿಂದ ಅಂಗಡಿಗೆ ಬರಲು ಗೆದ್ದ ದ್ರವ್ಯಕ್ಕೇ ಹತ್ತು ವರ್ಷಕ್ಕೂ ಮಿಗಿಲಾಗಿ ಹಿಡಿಯಿತು. ದೊಡ್ಡಮ್ಮನಿಗೆ ನಾನು ಆ ದಾರಿಯನ್ನು ಒಂದೇ ರಾತ್ರಿಯಲ್ಲಿ ದಾಟಿಸಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ನಾವು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಚರಿತ್ರೆಯ ತರಗತಿಯಲ್ಲಿ ಒಂದು ಶಾಸನವನ್ನು ಕಂಡಾಗ, ಬರೆಸಿದವರು ಯಾರು, ಯಾವಾಗ, ಬೇರೆ ಸಾಕ್ಷ್ಯವುಂಟೇ ಎಂದು ಕೇಳಲು ನಮ್ಮ ಅಧ್ಯಾಪಕರು ಕಲಿಸಿದ್ದಾರೆ. ಮದ್ದಿನ ಸುದ್ದಿಗೂ ಹಾಗೆಯೇ ನಾಲ್ಕು ಪ್ರಶ್ನೆಗಳನ್ನು ಕೇಳಿದರಾಯಿತು. ಪರೀಕ್ಷೆ ನಡೆದದ್ದು ಯಾವುದರ ಮೇಲೆ, ಬಟ್ಟಲೋ, ಇಲಿಯೋ, ಮನುಷ್ಯನೋ? ಎಷ್ಟು ಪ್ರಮಾಣ ಕೊಟ್ಟರು? ಯಾವುದರೊಡನೆ ಹೋಲಿಸಿ 'ಗುಣವಾಯಿತು' ಎಂದರು? ಮತ್ತೊಬ್ಬರು ಮಾಡಿ ನೋಡಿದಾಗಲೂ ಅದೇ ಫಲ ಬಂತೇ? ಸುದ್ದಿಯಲ್ಲಿ ಈ ನಾಲ್ಕಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ಸುದ್ದಿಯೆಂದು ಓದೋಣ. ವೈದ್ಯರ ಚೀಟಿಯೆಂದು ಓದುವುದು ಬೇಡ. ಸುದ್ದಿ ಬರೆಯುವವರಲ್ಲಿಯೂ ನನ್ನದೊಂದು ಬಿನ್ನಹ. ನಮ್ಮ ಕಾಲೇಜಿನಿಂದಲೇ ಪತ್ರಿಕೋದ್ಯಮಕ್ಕೆ ಹೋಗುವವರಿದ್ದಾರೆ. 'ಬಟ್ಟಲಿನಲ್ಲಿ' ಎಂಬ ಒಂದು ಪದವನ್ನು ತಲೆಬರಹಕ್ಕೆ ಏರಿಸಲು ಅವರಿಗೆ ಹೆಚ್ಚು ಜಾಗ ಬೇಕಾಗದು.

ದೊಡ್ಡಮ್ಮ ಈಗ ಕೋಲೂರಿಕೊಂಡು ಓಡಾಡುತ್ತಾರೆ, ಮಾತ್ರೆಯನ್ನು ತಪ್ಪಿಸುವುದಿಲ್ಲ. ನಿತ್ಯಪುಷ್ಪವನ್ನು ಕಿತ್ತುಹಾಕೋಣವೆಂದು ಯಾರೋ ಅಂದಾಗ, "ಗಿಡ ಏನು ಮಾಡಿತ್ತು ಪಾಪ" ಎಂದು ತಡೆದವರು ಅವರೇ. ಸಂಜೆಯ ಓದು ಈಗಲೂ ನಡೆದಿದೆ. ಯಾವುದಾದರೂ ಮದ್ದಿನ ಸುದ್ದಿ ಬಂದರೆ ಅವರು ಕೈಯೆತ್ತಿ ನನ್ನನ್ನು ನಿಲ್ಲಿಸಿ, "ಕೆಳಗಿನ ಸಣ್ಣ ಅಕ್ಷರ ಮೊದಲು ಓದಪ್ಪ" ಎನ್ನುತ್ತಾರೆ. ನಾನು ಹಾಗೆಯೇ ಓದುತ್ತೇನೆ.